ಊರ ಡಾಕ್ಟರ ಪುಸ್ತಕದಲ್ಲಿ ಊರಿನ ಚರಿತ್ರೆ

ಕುಂದಾಪುರದ ಪಡುದಿಕ್ಕಿನಲ್ಲಿ, ಪಂಚಗಂಗಾವಳಿ ಕಡಲನ್ನು ಸೇರುವ ಅಳಿವೆಯ ಬದಿಯಲ್ಲಿ ಕೋಡಿ ಎಂಬ ಊರಿದೆ. ಕೋಡಿಯೆಂದರೆ ತುದಿ. ಒಂದು ಮಗ್ಗುಲಲ್ಲಿ ಹೊಳೆ, ಇನ್ನೊಂದು ಮಗ್ಗುಲಲ್ಲಿ ಕಡಲು, ನಡುವೆ ಉದ್ದಕ್ಕೆ ಚಾಚಿದ ಮರಳ ನೆಲ. ಇಲ್ಲಿನ ಮೀನುಗಾರರೊಬ್ಬರಿಗೆ ಜ್ವರ ಬಂತೆಂದು ಇಟ್ಟುಕೊಳ್ಳೋಣ. ಅವರು ಮೊದಲು ಹೋಗುವುದು ಮಣಿಪಾಲದ ದೊಡ್ಡ ಆಸ್ಪತ್ರೆಗಲ್ಲ, ಹತ್ತಿರದ ಪರಿಚಯದ ಡಾಕ್ಟರಲ್ಲಿಗೆ. ಡಾಕ್ಟರು ನಾಡಿ ಹಿಡಿದು, ನಾಲಗೆ ನೋಡಿ, ಚೀಟಿ ಬರೆದು ಕೊಡುತ್ತಾರೆ. ಮೂರು ದಿನದಲ್ಲಿ ಜ್ವರ ಬಿಡುತ್ತದೆ. ಚೀಟಿ ಮನೆಯ ಕ್ಯಾಲೆಂಡರಿನ ಮೊಳೆಗೋ ಪ್ಲಾಸ್ಟಿಕ್ ತೊಟ್ಟೆಗೋ ಸೇರುತ್ತದೆ. ಮುಂದಿನ ಮಳೆಗಾಲದ ಹೊತ್ತಿಗೆ ಅದು ಇರುವುದೇ ಇಲ್ಲ.

ಕರಾವಳಿಯ ಯಾವ ಊರನ್ನು ತೆಗೆದುಕೊಂಡರೂ ಕಥೆ ಇದೇ. ಜನರ ಕಾಯಿಲೆಗಳಲ್ಲಿ ಬಹುಪಾಲು ಮುಗಿಯುವುದು ಊರ ಡಾಕ್ಟರ ಮುಂದೆ. ಆದರೆ ವೈದ್ಯಶಾಸ್ತ್ರದ ಗ್ರಂಥಗಳು ಹುಟ್ಟುವುದು ದೊಡ್ಡ ಆಸ್ಪತ್ರೆಗಳಲ್ಲಿ. ಊರ ಡಾಕ್ಟರು ಮೂವತ್ತು ನಲವತ್ತು ವರ್ಷ ನೋಡಿದ್ದೆಲ್ಲ ಅವರ ನೆನಪಿನಲ್ಲೇ ಉಳಿದು ಅವರೊಂದಿಗೇ ಹೋಗುತ್ತದೆ. ರಿಜಿಸ್ಟರು ಇಟ್ಟಿದ್ದರೂ ಕ್ಲಿನಿಕ್ ಮುಚ್ಚಿದ ದಿನ ಅದು ಗುಜರಿ ಅಂಗಡಿಯ ಪಾಲು. ಈ ರಿಜಿಸ್ಟರುಗಳಲ್ಲಿ ಇದ್ದದ್ದಾದರೂ ಏನು, ಅದು ಹೋದರೆ ನಷ್ಟ ಯಾರಿಗೆ ಎಂಬುದನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಕುಂದಾಪುರದಿಂದ ದಕ್ಷಿಣಕ್ಕೆ, ಮಂಗಳೂರನ್ನು ದಾಟಿ ಕಾಸರಗೋಡಿನ ಒಳನಾಡಿಗೆ ಹೋದರೆ ಸಾಕು. 1956ರ ನವೆಂಬರ್ 1ರ ತನಕ ಕುಂದಾಪುರವೂ ಕಾಸರಗೋಡೂ ಒಂದೇ ದಕ್ಷಿಣ ಕನ್ನಡ ಜಿಲ್ಲೆಯ ಎರಡು ತುದಿಗಳಾಗಿದ್ದವು.

ವಾಣಿನಗರದ ವೈದ್ಯರು

ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನಲ್ಲಿ ಪಡ್ರೆ ಎಂಬ ಗ್ರಾಮವಿದೆ. ಕನ್ನಡ, ತುಳು, ಮಲಯಾಳ ಮೂರೂ ಕಿವಿಗೆ ಬೀಳುವ ಊರು. ಗುಡ್ಡದ ನೆತ್ತಿಯಲ್ಲಿ ಗೇರು ತೋಪು, ತಗ್ಗಿನಲ್ಲಿ ಅಡಿಕೆ ತೋಟ, ನಡುವೆ ಚದುರಿದ ಮನೆಗಳು. ಗುಡ್ಡದ ಒಡಲಿಗೆ ಅಡ್ಡಲಾಗಿ ಕೊರೆದ ಸುರಂಗಗಳಿಂದ ಹರಿದು ಬರುವ ನೀರೇ ಅನೇಕ ಮನೆಗಳಿಗೆ ಕುಡಿಯಲು ಆಧಾರ. ಈ ಗ್ರಾಮದಲ್ಲಿ ಸ್ವರ್ಗ ಎಂಬ ಹೆಸರಿನ ಜಾಗವೂ ಇದೆ, ಅದರ ಹತ್ತಿರ ವಾಣಿನಗರವೂ ಇದೆ.

1980ರ ದಶಕದ ಮೊದಲ ವರ್ಷಗಳಿಂದ ವಾಣಿನಗರದಲ್ಲಿ ಚಿಕಿತ್ಸೆ ನಡೆಸುತ್ತ ಬಂದವರು ಡಾ. ವೈ.ಎಸ್. ಮೋಹನಕುಮಾರ್. ಸಂಶೋಧಕರಲ್ಲ, ಯಾವ ಕಾಲೇಜಿನ ಪ್ರೊಫೆಸರರೂ ಅಲ್ಲ. ನೆಗಡಿ ಜ್ವರಗಳಿಗೆ ಮದ್ದು ಕೊಡುವ ಹಳ್ಳಿಯ ಡಾಕ್ಟರು. ವರ್ಷಗಳು ಉರುಳಿದಂತೆ ಅವರ ಗಮನಕ್ಕೆ ಒಂದು ವಿಚಿತ್ರ ಬಂತು. ಮೂರ್ಛೆ ರೋಗದ ಮಕ್ಕಳು, ಕೈಕಾಲು ಸ್ವಾಧೀನವಿಲ್ಲದೆ ಹುಟ್ಟಿದ ಮಕ್ಕಳು, ಬುದ್ಧಿ ಬೆಳೆಯದ ಮಕ್ಕಳು, ಕ್ಯಾನ್ಸರ್ ರೋಗಿಗಳು, ಮಾನಸಿಕ ಅಸ್ವಸ್ಥರು, ಮಕ್ಕಳಾಗದ ದಂಪತಿಗಳು – ಇಷ್ಟು ಚಿಕ್ಕ ಊರಿನಲ್ಲಿ ಇಷ್ಟೊಂದು ಮಂದಿ ಇರುವುದು ಸಹಜವೆಂದು ಅವರಿಗೆ ತೋರಲಿಲ್ಲ. ಅವರು ಮನೆಮನೆಯ ಲೆಕ್ಕ ಇಟ್ಟರು. ಯಾವ ಮನೆಯಲ್ಲಿ ಯಾರಿಗೆ ಯಾವ ರೋಗ ಎಂದು ಗುರುತು ಹಾಕುತ್ತ ಹೋದಾಗ, ಗೇರು ಗುಡ್ಡಗಳ ನಡುವಿನಿಂದ ಹರಿದು ಬರುವ ತೋಡಿನ ಆಚೀಚೆಯ ಮನೆಗಳಲ್ಲೇ ರೋಗಿಗಳು ಹೆಚ್ಚಾಗಿರುವುದು ಕಂಡಿತು.

ಇದನ್ನು ಅವರೇ ಏಕೆ ಕಾಣಬೇಕಾಯಿತು ಎಂಬುದು ವಿಚಾರ ಮಾಡತಕ್ಕ ಸಂಗತಿ. ಹಳ್ಳಿಯ ಕ್ಯಾನ್ಸರ್ ರೋಗಿ ಮಂಗಳೂರಿಗೆ ಹೋಗುತ್ತಾನೆ. ಮೂರ್ಛೆ ರೋಗದ ಮಗುವನ್ನು ಮಣಿಪಾಲಕ್ಕೆ ಕರೆದೊಯ್ಯುತ್ತಾರೆ. ಮಕ್ಕಳಾಗದ ಹೆಂಗಸು ಇನ್ನೆಲ್ಲಿಗೋ ಹೋಗುತ್ತಾಳೆ. ಪ್ರತಿಯೊಂದು ಆಸ್ಪತ್ರೆಯ ಕಡತದಲ್ಲಿಯೂ ಅವರು ಸಾವಿರಾರು ರೋಗಿಗಳಲ್ಲಿ ಒಬ್ಬರು ಅಷ್ಟೇ. ಕ್ಯಾನ್ಸರ್ ವಾರ್ಡಿನ ಡಾಕ್ಟರಿಗೆ ಮೂರ್ಛೆ ರೋಗದ ಮಗು ಕಾಣುವುದಿಲ್ಲ. ನರರೋಗ ತಜ್ಞರಿಗೆ ಬಂಜೆತನದ ಸುದ್ದಿ ತಿಳಿಯುವುದಿಲ್ಲ. ಈ ಮೂವರೂ ಒಂದೇ ತೋಡಿನ ದಡದ ನೆರೆಹೊರೆಯವರು ಎಂಬುದು ಗೊತ್ತಿರುವುದು ಊರ ಡಾಕ್ಟರಿಗೆ ಮಾತ್ರ. ಅವರ ಪುಸ್ತಕದಲ್ಲಿ ರೋಗದ ಹೆಸರಿನ ಜೊತೆಗೆ ಮನೆಯ ಹೆಸರೂ ಇರುತ್ತದೆ. ಇನ್ನೂ ಒಂದು ವಿಷಯವಿದೆ. ಊರಿನಲ್ಲಿ ಒಟ್ಟು ಎಷ್ಟು ಮನೆಗಳಿವೆ, ಯಾರು ಆರೋಗ್ಯವಾಗಿದ್ದಾರೆ ಎಂಬುದೂ ಅವರಿಗೆ ಗೊತ್ತು. ರೋಗಿಗಳ ಸಂಖ್ಯೆ ಮಾತ್ರ ತಿಳಿದರೆ ಸಾಲದು, ಎಷ್ಟು ಜನರಲ್ಲಿ ಅಷ್ಟು ರೋಗಿಗಳು ಎಂಬುದು ತಿಳಿದಾಗಲೇ ಅದು ಹೆಚ್ಚೋ ಕಡಿಮೆಯೋ ಎಂದು ಹೇಳಲು ಬರುತ್ತದೆ. ಆಸ್ಪತ್ರೆಗೆ ಗೊತ್ತಿರುವುದು ಮೇಲಿನ ಅಂಕಿ, ಊರ ಡಾಕ್ಟರಿಗೆ ಕೆಳಗಿನ ಅಂಕಿಯೂ ಗೊತ್ತು.

ಮಂಗನ ಕಾಯಿಲೆಯ ಉದಾಹರಣೆಯನ್ನು ಇದರ ಪಕ್ಕದಲ್ಲಿಟ್ಟು ನೋಡಬಹುದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಕಾಡಂಚಿನ ಹಳ್ಳಿಗರು ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನ ಕೇಂದ್ರದವರು ಬಂದು ಅದೇ ವರ್ಷ ರೋಗಾಣುವನ್ನು ಪತ್ತೆ ಮಾಡಿದರು. ಒಂದೇ ಋತುವಿನಲ್ಲಿ ಎರಗುವ ರೋಗ ತಾನಾಗಿಯೇ ಕೂಗಿ ಹೇಳುತ್ತದೆ. ಇಪ್ಪತ್ತು ವರ್ಷಗಳಲ್ಲಿ ಒಂದೊಂದೇ ಮನೆಗೆ ಕಾಲಿಡುವ ರೋಗ ಹಾಗೆ ಕೂಗುವುದಿಲ್ಲ. ಅದನ್ನು ಹಿಡಿಯಲು ಇಪ್ಪತ್ತು ವರ್ಷ ಒಂದೇ ಕಡೆ ಕುಳಿತು ಬರೆದಿಟ್ಟವರು ಬೇಕು.

ಮೇಲಿನಿಂದ ಬಿದ್ದ ಮದ್ದು

ಪಡ್ರೆಯ ಗುಡ್ಡಗಳ ಗೇರು ತೋಪುಗಳು ಕೇರಳ ಪ್ಲಾಂಟೇಶನ್ ಕಾರ್ಪೊರೇಶನ್ನಿನವು. ಗೇರು ಹೂ ಬಿಡುವ ಕಾಲದಲ್ಲಿ ಟೀ ಸೊಳ್ಳೆ ಎಂಬ ಕೀಟ ಚಿಗುರಿನ ರಸ ಹೀರಿ ಬೆಳೆ ಕೆಡಿಸುತ್ತದೆ. ಅದನ್ನು ಕೊಲ್ಲಲು 1970ರ ದಶಕದ ಕೊನೆಯ ಭಾಗದಿಂದ ವರ್ಷಕ್ಕೆ ಎರಡು ಮೂರು ಬಾರಿ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಗುತ್ತಿತ್ತು. ಇದು ಡಿಡಿಟಿಯಂತೆಯೇ ಕ್ಲೋರಿನ್ ಬೆರೆತ ಕೀಟನಾಶಕಗಳ ಗುಂಪಿಗೆ ಸೇರಿದ್ದು. ಮದ್ದು ಬಿಡುವ ಮೊದಲು ನೀರಿನ ಆಸರೆಗಳನ್ನು ಮುಚ್ಚಬೇಕೆಂಬುದು ನಿಯಮ. ಬಾವಿಯನ್ನಾದರೆ ಮಡಲು ಹಾಕಿ ಮುಚ್ಚಬಹುದು. ಗುಡ್ಡದಿಂದ ಇಳಿದು ಬರುವ ತೋಡನ್ನೂ ಸುರಂಗದಿಂದ ತೆರೆದ ಕಣಿಯಲ್ಲಿ ಹರಿಯುವ ನೀರನ್ನೂ ಮುಚ್ಚುವುದು ಹೇಗೆ?

ಪಡ್ರೆಯವರೇ ಆದ ಕೃಷಿ ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲೇ ಊರಿನಲ್ಲಿ ಅಂಗವಿಕಲವಾಗಿ ಹುಟ್ಟುತ್ತಿದ್ದ ಕರುಗಳ ಬಗ್ಗೆ ಬರೆದು, ಸಿಂಪಡಣೆಯ ಕಡೆಗೆ ಬೆರಳು ತೋರಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. 1990ರ ದಶಕದಲ್ಲಿ ಡಾ. ಮೋಹನಕುಮಾರ್ ತಮ್ಮ ಪಟ್ಟಿಯನ್ನು ಮುಂದಿಟ್ಟು, ಇದರ ಕಾರಣವನ್ನು ಪತ್ತೆ ಮಾಡಿ ಎಂದು ವೈದ್ಯಲೋಕಕ್ಕೆ ಮೊರೆಯಿಟ್ಟರು. ಅದೇ ಜಿಲ್ಲೆಯ ಪೆರಿಯದಲ್ಲಿ ಕೃಷಿ ಇಲಾಖೆಯ ನೌಕರರಾಗಿದ್ದ ಲೀಲಾಕುಮಾರಿ ಅಮ್ಮ ಅವರು ಸಿಂಪಡಣೆ ನಿಲ್ಲಿಸಬೇಕೆಂದು 1998ರಲ್ಲಿ ಕೋರ್ಟಿನ ಮೆಟ್ಟಿಲೇರಿದರು. ಎರಡೂ ಎಳೆಗಳು ಸೇರಿಕೊಂಡವು. 2000ದ ಡಿಸೆಂಬರಿನ ಸಿಂಪಡಣೆಯೇ ಅಲ್ಲಿನ ಕೊನೆಯ ಸಿಂಪಡಣೆಯಾಯಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಡಾಕ್ಟರ ಪುಸ್ತಕ ಎತ್ತಿದ್ದು ಪ್ರಶ್ನೆಯನ್ನು; ಉತ್ತರವನ್ನು ಅದು ಕೊಡಲಾರದು. ಯಾರಿಗೆ, ಎಲ್ಲಿ, ಯಾವಾಗ ಎಂಬ ಮೂರಕ್ಕೆ ಅದರಲ್ಲಿ ಉತ್ತರವುಂಟು. ಏಕೆ ಎಂಬುದಕ್ಕೆ ಇಲ್ಲ. ಏಕೆ ಎಂದು ತಿಳಿಯಬೇಕಾದರೆ ಹೋಲಿಕೆ ಬೇಕು. ಅದೇ ಹವೆ, ಅದೇ ಆಹಾರ, ಅದೇ ಬಗೆಯ ಜನ ಇದ್ದು, ಈ ಮದ್ದೊಂದು ಮಾತ್ರ ಬೀಳದ ಇನ್ನೊಂದು ಊರನ್ನು ಪಕ್ಕದಲ್ಲಿಟ್ಟು ನೋಡಬೇಕು.

ಆ ಕೆಲಸ 2001ರಲ್ಲಿ ನಡೆಯಿತು. ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಪತ್ರಿಕಾ ವರದಿಗಳನ್ನು ನೋಡಿ ತಾನಾಗಿಯೇ ವಿಷಯವನ್ನು ಕೈಗೆತ್ತಿಕೊಂಡಿತು. ಅದರ ಫಲವಾಗಿ ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆಯ ವಿಜ್ಞಾನಿಗಳು ಪಡ್ರೆಗೆ ಬಂದರು. ಪಡ್ರೆಯ ಶಾಲಾ ಮಕ್ಕಳನ್ನು ಅವರು ಮೀಂಜ ಪಂಚಾಯತಿನ ಮೀಯಪದವಿನ ಶಾಲಾ ಮಕ್ಕಳೊಂದಿಗೆ ಹೋಲಿಸಿದರು. ಮೀಯಪದವು ಕೂಡ ಕಾಸರಗೋಡಿನದೇ ಊರು, ಆದರೆ ಅಲ್ಲಿ ಆಕಾಶದಿಂದ ಮದ್ದು ಬಿದ್ದಿರಲಿಲ್ಲ. ಕೊನೆಯ ಸಿಂಪಡಣೆಯಾಗಿ ಹತ್ತು ತಿಂಗಳು ಕಳೆದ ಮೇಲೂ ಪಡ್ರೆಯ ಮಕ್ಕಳ ರಕ್ತದಲ್ಲಿ ಎಂಡೋಸಲ್ಫಾನಿನ ಅಂಶ ಹೆಚ್ಚಾಗಿತ್ತು. ಕಲಿಕೆಯ ತೊಂದರೆ, ಹುಟ್ಟಿನಿಂದ ಬಂದ ವೈಕಲ್ಯಗಳು, ಗಂಡುಮಕ್ಕಳ ಬೆಳವಣಿಗೆಯ ದೋಷಗಳು ಅಲ್ಲಿ ಹೆಚ್ಚು ಎಂದು ವರದಿ ಹೇಳಿತು. ಪಡ್ರೆಯ 10ರಿಂದ 19 ವಯಸ್ಸಿನ 117 ಹುಡುಗರನ್ನು ಹೋಲಿಕೆಯ ಊರಿನ 90 ಹುಡುಗರೊಂದಿಗೆ ಇಟ್ಟು ನೋಡಿದ ಅಧ್ಯಯನ 2003ರಲ್ಲಿ ಅಂತಾರಾಷ್ಟ್ರೀಯ ವೈಜ್ಞಾನಿಕ ಪತ್ರಿಕೆಯಲ್ಲಿ ಪ್ರಕಟವಾಯಿತು. ಪಡ್ರೆಯ ಹುಡುಗರಲ್ಲಿ ಪ್ರಾಯಕ್ಕೆ ಬರುವುದು ತಡವಾಗುತ್ತಿದೆ ಎಂಬುದು ಅದರ ಮುಖ್ಯ ನಿರ್ಣಯ.

ವಾದ ಅಲ್ಲಿಗೆ ಮುಗಿಯಲಿಲ್ಲ. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ 2001ರಲ್ಲಿ ನೀರು, ರಕ್ತ, ಹಾಲುಗಳಲ್ಲಿ ವಿಷ ಕಂಡಿತೆಂದರೆ, ಇನ್ನೊಂದು ಪ್ರಯೋಗಾಲಯ ಏನೂ ಕಾಣಲಿಲ್ಲವೆಂದಿತು. ಕೇಂದ್ರ ಸರಕಾರದ ಪರಿಣತ ಸಮಿತಿ ರೋಗಕ್ಕೂ ಮದ್ದಿಗೂ ಸಂಬಂಧ ಸಿದ್ಧವಾಗಿಲ್ಲವೆಂದಿತು. ಹೋಲಿಕೆಗೆ ಆರಿಸಿದ ಮಕ್ಕಳ ಸಂಖ್ಯೆ ಕಡಿಮೆ, ಪಡ್ರೆಯಲ್ಲಿ ಸಿಂಪಡಣೆಗೆ ಮೊದಲು ಎಷ್ಟು ರೋಗಿಗಳಿದ್ದರೆಂಬ ಲೆಕ್ಕವೇ ಇಲ್ಲ ಎಂಬ ಆಕ್ಷೇಪವನ್ನು ಕೆಲವು ವಿಜ್ಞಾನಿಗಳು ಇಂದಿಗೂ ಬಿಟ್ಟಿಲ್ಲ. 2011ರ ಏಪ್ರಿಲಿನಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ಜಗತ್ತಿನಿಂದಲೇ ತೆಗೆದುಹಾಕಬೇಕಾದ ವಿಷಗಳ ಪಟ್ಟಿಗೆ ಸೇರಿಸಿದವು. ಅದೇ ಮೇ 13ರಂದು ಸುಪ್ರೀಂ ಕೋರ್ಟು ದೇಶದಲ್ಲೆಲ್ಲ ಅದರ ತಯಾರಿ, ಮಾರಾಟ, ಬಳಕೆಗಳನ್ನು ತಡೆಹಿಡಿಯಿತು.

ವಿರೋಧಿಗಳ ಆಕ್ಷೇಪವನ್ನೇ ಗಮನಿಸಿ. ಮೊದಲಿನ ಲೆಕ್ಕ ಇಲ್ಲ, ನೆರೆಯೂರುಗಳ ಲೆಕ್ಕ ಇಲ್ಲ. 1970ರಿಂದಲೇ ಪಡ್ರೆಯಲ್ಲಿ ಒಂದು, ಮೀಯಪದವಿನಲ್ಲಿ ಒಂದು, ಕೊಕ್ಕಡದಲ್ಲಿ ಒಂದು, ಕುಂದಾಪುರದ ಕಡೆ ಒಂದು ಹೀಗೆ ಊರ ಡಾಕ್ಟರ ಪುಸ್ತಕಗಳು ಉಳಿದಿದ್ದರೆ ಈ ವಾದಕ್ಕೆ ಮೂವತ್ತು ವರ್ಷ ಹಿಡಿಯುತ್ತಿರಲಿಲ್ಲ. ಮದ್ದು ತಪ್ಪಿತಸ್ಥನಾಗಿದ್ದರೆ ಬೇಗ ಗೊತ್ತಾಗುತ್ತಿತ್ತು, ಅಲ್ಲವಾಗಿದ್ದರೂ ಬೇಗ ಗೊತ್ತಾಗುತ್ತಿತ್ತು.

ಬರ್ನ್‌ಲಿಯಿಂದ ಬಂದ ದಾರಿ

ಹಾಗೆ ಪುಸ್ತಕಗಳನ್ನು ಉಳಿಸಿ ಜೋಡಿಸಿದ ದೇಶವೊಂದಿದೆ. ಅದು ಇಂಗ್ಲೆಂಡ್. ಅಲ್ಲಿಯೂ ಕೆಲಸ ಆರಂಭವಾದದ್ದು ಸರಕಾರದಿಂದಲ್ಲ, ಒಬ್ಬೊಬ್ಬ ಡಾಕ್ಟರ ಹಟದಿಂದ.

ಜೇಮ್ಸ್ ಮೆಕೆಂಜಿ ಎಂಬ ಸ್ಕಾಟ್ಲೆಂಡಿನ ತರುಣ ವೈದ್ಯ 1879ರಲ್ಲಿ ಲ್ಯಾಂಕಶೈರಿನ ಬರ್ನ್‌ಲಿ ಎಂಬ ಬಟ್ಟೆ ಗಿರಣಿಗಳ ಪಟ್ಟಣಕ್ಕೆ ಬಂದ. ಅವನ ಕೈಕೆಳಗಿದ್ದ ಗರ್ಭಿಣಿಯೊಬ್ಬಳು ಹೃದಯದ ಕಾಯಿಲೆಯಿಂದ ಹೆರಿಗೆಯಲ್ಲಿ ತೀರಿಕೊಂಡಳು. ಅಪಾಯವನ್ನು ಮೊದಲೇ ಏಕೆ ಅರಿಯಲಾಗಲಿಲ್ಲ ಎಂಬ ಚಿಂತೆ ಅವನನ್ನು ಹಿಡಿಯಿತು. ಅಂದಿನಿಂದ ತನ್ನ ರೋಗಿಗಳ ನಾಡಿಯ ಗತಿಯನ್ನು ಯಂತ್ರದಿಂದ ಬರೆಸಿ, ವರ್ಷ ವರ್ಷವೂ ಅವರನ್ನು ಹಿಂಬಾಲಿಸಿ ದಾಖಲಿಸಿದ. ಆಗಿನ ಆಸ್ಪತ್ರೆಯ ವೈದ್ಯರಿಗೆ ನಾಡಿ ತಪ್ಪಿ ಬಡಿದರೆ ಮೃತ್ಯುವೇ ಕಾಣುತ್ತಿತ್ತು; ಏಕೆಂದರೆ ಅವರು ರೋಗಿಯನ್ನು ನೋಡುತ್ತಿದ್ದದ್ದೇ ಕೊನೆಯ ಹಂತದಲ್ಲಿ. ಮೆಕೆಂಜಿಯ ಪುಸ್ತಕದಲ್ಲಾದರೋ ನಡುನಡುವೆ ನಾಡಿ ತಪ್ಪುತ್ತಿದ್ದರೂ ಇಪ್ಪತ್ತು ವರ್ಷ ಸುಖವಾಗಿ ದುಡಿದವರಿದ್ದರು. ಯಾವ ತಪ್ಪು ಬಡಿತ ಅಪಾಯ, ಯಾವುದು ನಿರಪಾಯ ಎಂಬ ವಿವೇಕವನ್ನು ವೈದ್ಯಶಾಸ್ತ್ರಕ್ಕೆ ಕೊಟ್ಟದ್ದು ಗಿರಣಿ ಊರಿನ ಈ ದಾಖಲೆ. 1902ರಲ್ಲಿ ಅವನ ನಾಡಿಯ ಅಧ್ಯಯನ ಗ್ರಂಥವಾಯಿತು.

ಮೆಕೆಂಜಿಯ ಬರಹದಿಂದ ಪ್ರೇರಣೆ ಪಡೆದವನು ಯಾರ್ಕ್‌ಶೈರಿನ ವಿಲಿಯಂ ಪಿಕಲ್ಸ್. ವೆನ್ಸ್‌ಲೀಡೇಲ್ ಎಂಬ ಕಣಿವೆಯ ಐಸ್‌ಗಾರ್ತ್ ಹಳ್ಳಿಯ ಡಾಕ್ಟರು. ಸುತ್ತಲಿನ ಹಳ್ಳಿಗಳಲ್ಲಿ ಒಟ್ಟು ಐದಾರು ಸಾವಿರ ಜನ, ಎಲ್ಲರೂ ಪರಿಚಿತರು. 1929ರಲ್ಲಿ ಅಲ್ಲಿ ಕಾಮಾಲೆ ಹಬ್ಬಿ ಸುಮಾರು 250 ಮಂದಿ ಮಲಗಿದರು. ಯಾರು ಯಾರನ್ನು ಎಲ್ಲಿ ಕಂಡರು ಎಂದು ಪಿಕಲ್ಸ್ ವಿಚಾರಿಸುತ್ತ ಹೋದ. ಬೆಳಗ್ಗೆ ಹಾಸಿಗೆಯಲ್ಲಿದ್ದ ಹುಡುಗಿಯೊಬ್ಬಳು ಅದೇ ದಿನ ಊರ ಸಂತೋಷಕೂಟಕ್ಕೆ ಹೋಗಿದ್ದಳು. ಅಲ್ಲಿ ಅವಳ ಸಂಪರ್ಕಕ್ಕೆ ಬಂದವರು ಒಂದು ತಿಂಗಳ ಆಸುಪಾಸಿನಲ್ಲಿ ಒಬ್ಬೊಬ್ಬರಾಗಿ ಹಳದಿಯಾದರು. ಸೋಂಕು ತಗಲಿದ 26ರಿಂದ 35 ದಿನಗಳಲ್ಲಿ ಕಾಮಾಲೆ ತಲೆದೋರುತ್ತದೆ ಎಂದು ಪಿಕಲ್ಸ್ ಲೆಕ್ಕ ಹಾಕಿದ್ದು ಹೀಗೆ. ದೊಡ್ಡ ಪಟ್ಟಣದಲ್ಲಿ ಈ ಲೆಕ್ಕ ಸಾಧ್ಯವೇ ಇರಲಿಲ್ಲ. ಅಲ್ಲಿ ಯಾರು ಯಾರನ್ನು ಮುಟ್ಟಿದರೆಂದು ಬಲ್ಲವರಾರು? ಅವನ ಹೆಂಡತಿ ಮಗಳು ಮನೆಯಲ್ಲೇ ಕುಳಿತು ನಕ್ಷೆ ಬರೆದು ಕೊಟ್ಟರು. 1939ರಲ್ಲಿ ಅವನ ಪುಸ್ತಕ ಪ್ರಕಟವಾಯಿತು. ಮುಂದೆ ಬ್ರಿಟನ್ನಿನ ಸಾಮಾನ್ಯ ವೈದ್ಯರ ಕಾಲೇಜಿಗೆ ಅವನೇ ಮೊದಲ ಅಧ್ಯಕ್ಷನಾದ.

1948ರಲ್ಲಿ ಬ್ರಿಟನ್ನಿನಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಜಾರಿಗೆ ಬಂದಾಗ ಪ್ರತಿಯೊಬ್ಬ ಪ್ರಜೆಯ ಹೆಸರೂ ಒಬ್ಬ ಊರ ಡಾಕ್ಟರಲ್ಲಿ ನೋಂದಣಿಯಾಯಿತು. ಊರು ಬಿಟ್ಟು ಹೋದರೆ ದಾಖಲೆಯೂ ಹೊಸ ಡಾಕ್ಟರ ಬಳಿಗೆ ಹೋಗುತ್ತದೆ. ಇದರ ಬಲದಿಂದ 1968ರಲ್ಲಿ ಸುಮಾರು 1,400 ಸಾಮಾನ್ಯ ವೈದ್ಯರು ಸೇರಿ ಗರ್ಭನಿರೋಧಕ ಗುಳಿಗೆಯ ಪರಿಣಾಮ ಅರಿಯಲು 46,000 ಹೆಂಗಸರನ್ನು ಹಿಂಬಾಲಿಸಿದರು. 1987ರಲ್ಲಿ ಕಂಪ್ಯೂಟರಿನಲ್ಲಿದ್ದ ದಾಖಲೆಗಳನ್ನು ಹೆಸರು ತೆಗೆದು ಒಂದೆಡೆ ಕೂಡಿಸುವ ಕೆಲಸ ಶುರುವಾಯಿತು. ಅದೇ ಬೆಳೆದು ಇಂದು ಜಗತ್ತಿನ ಸಂಶೋಧಕರು ಬಳಸುವ ದೊಡ್ಡ ಭಂಡಾರವಾಗಿದೆ.

ಈ ಭಂಡಾರ ಕೆಲಸಕ್ಕೆ ಬರುವುದು ವಿಷವನ್ನು ಹಿಡಿಯಲು ಮಾತ್ರವಲ್ಲ, ಸುಳ್ಳು ಭಯವನ್ನು ಬಿಡಿಸಲೂ ಹೌದು. ದಡಾರ, ಕೆಪ್ಪಟೆರಾಯ, ರುಬೆಲ್ಲಾಗಳಿಗೆ ಕೊಡುವ ಲಸಿಕೆಯಿಂದ ಮಕ್ಕಳಿಗೆ ಆಟಿಸಂ ಬರುತ್ತದೆ ಎಂಬ ಗುಲ್ಲು 1998ರಿಂದ ಹಬ್ಬಿತ್ತು. ಅದೇ ದಾಖಲೆಗಳಿಂದ ಆಟಿಸಂ ಮತ್ತು ಅಂಥ ತೊಂದರೆಯಿದ್ದ 1,294 ಮಂದಿಯನ್ನೂ ಅದಿಲ್ಲದ 4,469 ಮಂದಿಯನ್ನೂ ತೆಗೆದು ಹೋಲಿಸಿದಾಗ ಇಬ್ಬರಲ್ಲಿಯೂ ಲಸಿಕೆ ಹಾಕಿಸಿಕೊಂಡವರ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. 2004ರಲ್ಲಿ ಪ್ರಕಟವಾದ ಈ ಫಲಿತಾಂಶಕ್ಕೆ ಹೊಸದಾಗಿ ಒಂದು ಮಗುವಿಗೂ ಸೂಜಿ ಚುಚ್ಚಬೇಕಾಗಲಿಲ್ಲ. ಊರ ಡಾಕ್ಟರುಗಳು ಎಂದೋ ಬರೆದಿಟ್ಟ ಸಾಲುಗಳೇ ಸಾಕಾದವು.

ಪುಸ್ತಕ ಯಾರದು?

ಇಷ್ಟೆಲ್ಲ ಪ್ರಯೋಜನವಿದ್ದ ಮೇಲೆ ಎಲ್ಲ ಪುಸ್ತಕಗಳನ್ನೂ ತಂದು ಸರಕಾರದ ಕೈಗೆ ಕೊಡಬಹುದಲ್ಲವೇ ಎಂದರೆ, ಅಲ್ಲೊಂದು ತೊಡಕಿದೆ. ಡಾಕ್ಟರ ಮುಂದೆ ನಾವು ಹೇಳುವುದನ್ನು ಒಡಹುಟ್ಟಿದವರಿಗೂ ಹೇಳಿರುವುದಿಲ್ಲ. ಕ್ಷಯ, ಕುಷ್ಠ, ಮೂರ್ಛೆ, ಮನೋರೋಗ, ಗರ್ಭಪಾತ – ಒಂದೊಂದು ಸಾಲಿಗೂ ಒಂದು ಮನೆಯ ಮಾನ ಕಟ್ಟಿಕೊಂಡಿದೆ.

ಇಂಗ್ಲೆಂಡೇ ಇದರಲ್ಲಿ ಎಡವಿತು. 2014ರ ಜನವರಿಯಲ್ಲಿ ಅಲ್ಲಿನ ಸರಕಾರ ಎಲ್ಲ ಡಾಕ್ಟರುಗಳ ದಾಖಲೆಗಳನ್ನು ಒಂದು ಕೇಂದ್ರಕ್ಕೆ ಸೇರಿಸುವ ಯೋಜನೆಯ ಕರಪತ್ರವನ್ನು ಮನೆಮನೆಗೆ ಹಂಚಿತು. ಬೇಡವೆಂದು ಹೇಳದವರ ದಾಖಲೆಯೆಲ್ಲ ಸೇರುತ್ತದೆ ಎಂಬುದು ಅದರ ಷರತ್ತು. ಕರಪತ್ರ ಅನೇಕರ ಕಣ್ಣಿಗೇ ಬೀಳಲಿಲ್ಲ. ದಾಖಲೆಗಳು ವಿಮಾ ಕಂಪನಿಗಳ ಕೈಗೆ ಹೋಗುತ್ತವೆಯೇ ಎಂಬ ಪ್ರಶ್ನೆಗೆ ಸಮಾಧಾನ ಸಿಗಲಿಲ್ಲ. ಫೆಬ್ರವರಿಯಲ್ಲಿ ಯೋಜನೆ ನಿಂತಿತು, 2016ರ ಜುಲೈಯಲ್ಲಿ ಪೂರ್ತಿ ಕೈಬಿಡಲಾಯಿತು. ಕೇಳಿದ್ದರೆ ಕೊಡುತ್ತಿದ್ದ ಜನ, ಕೇಳದೆ ತೆಗೆದುಕೊಳ್ಳಲು ಬಂದಾಗ ಬಾಗಿಲು ಹಾಕಿಕೊಂಡರು.

ಕಾಸರಗೋಡಿನ ಅನುಭವ ಇದಕ್ಕೆ ಇನ್ನೊಂದು ಮುಖವನ್ನು ತೋರಿಸುತ್ತದೆ. ಅಲ್ಲಿ ರೋಗಿಗಳ ಹೆಸರು, ಊರು, ಫೋಟೋಗಳು ಪತ್ರಿಕೆಗಳಲ್ಲಿ ಬಂದವು. ಹಾಗೆ ಬಂದದ್ದರಿಂದಲೇ ದೇಶ ತಿರುಗಿ ನೋಡಿತು ಎನ್ನುವುದು ನಿಜ. ಆದರೆ ಊರಿಗೇ ವಿಷದ ಹೆಸರು ಅಂಟಿದಾಗ ಆ ಊರಿನ ಮಕ್ಕಳಿಗೆ ಸಂಬಂಧ ಕೂಡಿಬರುವುದು ಎಷ್ಟು ಕಷ್ಟ ಎಂಬುದನ್ನು ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಡಾಕ್ಟರ ಪುಸ್ತಕ ಊರಿನ ಉಪಕಾರಕ್ಕೆ ಬರಬೇಕಾದರೆ ರೋಗ, ವಯಸ್ಸು, ಜಾಗಗಳು ಹೊರಬರಬೇಕು, ಹೆಸರು ಒಳಗೇ ಉಳಿಯಬೇಕು. ಮಾತಿಗೆ ಸುಲಭ, ನೂರು ಮನೆಗಳ ಹಳ್ಳಿಯಲ್ಲಿ ವಯಸ್ಸು, ರೋಗ ಎರಡನ್ನು ಹೇಳಿದರೆ ಹೆಸರು ಹೇಳಿದಂತೆಯೇ. ಆದ್ದರಿಂದ ಸಂಶೋಧಕರು ಹುಟ್ಟಿದ ದಿನಾಂಕದ ಬದಲು ವರ್ಷ ಮಾತ್ರ ಬರೆಯುತ್ತಾರೆ, ಮನೆಯ ಬದಲು ಹಲವು ಹಳ್ಳಿಗಳ ಗುಂಪನ್ನು ಹೇಳುತ್ತಾರೆ, ಒಂದೆರಡೇ ರೋಗಿಗಳಿರುವ ಕಡೆ ಅಂಕಿಯನ್ನೇ ಮುಚ್ಚುತ್ತಾರೆ.

ನಮ್ಮಲ್ಲಿ ಉಳಿದಿರುವುದೇನು?

ಭಾರತೀಯ ವೈದ್ಯಕೀಯ ಪರಿಷತ್ತು 2002ರಲ್ಲಿ ಮಾಡಿದ ನಿಯಮಾವಳಿಯಂತೆ ವೈದ್ಯರು ದಾಖಲೆಗಳನ್ನು ಚಿಕಿತ್ಸೆ ಆರಂಭವಾದಲ್ಲಿಂದ ಮೂರು ವರ್ಷ ಇಟ್ಟುಕೊಳ್ಳಬೇಕು; ರೋಗಿ ಕೇಳಿದರೆ 72 ಗಂಟೆಗಳೊಳಗೆ ಕೊಡಬೇಕು. ಆದರೆ ಈ ಮೂರು ವರ್ಷಗಳ ಮಾತು ಆಸ್ಪತ್ರೆಯಲ್ಲಿ ಒಳರೋಗಿಯಾಗಿ ಮಲಗಿದವರದು. ಕೋಡಿಯ ಮೀನುಗಾರರಂತೆ ಬಂದು, ತೋರಿಸಿ, ಚೀಟಿ ಹಿಡಿದು ಹೋಗುವವರ ಲೆಕ್ಕ ಅದರಲ್ಲಿ ಬರುವುದಿಲ್ಲ. ಪಡ್ರೆಯಂಥ ರೋಗವನ್ನು ಹಿಡಿಯಲು ಮೂರು ವರ್ಷ ಸಾಲುವುದೂ ಇಲ್ಲ.

2004ರಿಂದ ಜಾರಿಯಲ್ಲಿರುವ ಸಮಗ್ರ ರೋಗ ಕಣ್ಗಾವಲು ಯೋಜನೆಯಲ್ಲಿ ಸರಕಾರಿ ಆರೋಗ್ಯ ಕೇಂದ್ರಗಳಿಂದ ಜ್ವರ, ಭೇದಿ, ಕಾಮಾಲೆಗಳ ವರದಿ ಹೋಗುತ್ತದೆ. ಮಲೇರಿಯಾ, ಇಲಿಜ್ವರಗಳಂಥವನ್ನು ಬೇಗ ಗುರುತಿಸಲು ಅದರಿಂದ ಪ್ರಯೋಜನವುಂಟು. ಅದು ಕೂಗುವ ರೋಗಗಳ ಲೆಕ್ಕ. ಮೆಲ್ಲಗೆ ಬರುವ ರೋಗಗಳ ಲೆಕ್ಕವಲ್ಲ. 2021ರ ಸೆಪ್ಟೆಂಬರಿನಲ್ಲಿ ದೇಶದಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಪ್ರತಿಯೊಬ್ಬರಿಗೂ 14 ಅಂಕೆಗಳ ಆರೋಗ್ಯ ಸಂಖ್ಯೆ ಕೊಟ್ಟು, ಒಪ್ಪಿಗೆಯ ಮೇಲೆ ದಾಖಲೆಗಳನ್ನು ಜೋಡಿಸುವ ದಾರಿ ತೆರೆದಿದೆ. 2023ರ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯಿದೆ, ವ್ಯಕ್ತಿಯೊಬ್ಬನ ಬಗ್ಗೆ ತೀರ್ಮಾನ ಕೈಗೊಳ್ಳಲು ಬಳಸದೆ, ಗೊತ್ತುಪಡಿಸಿದ ಕಟ್ಟುಪಾಡಿನಂತೆ ನಡೆಸುವ ಸಂಶೋಧನೆಗೆ ವಿನಾಯಿತಿ ಇಟ್ಟಿದೆ. ಕಾಗದದ ಮೇಲೆ ಎಲ್ಲ ಅಂಗಗಳೂ ಸಿದ್ಧವಾಗುತ್ತಿವೆ. ಆದರೆ ಒಬ್ಬರೇ ಕುಳಿತು ದಿನಕ್ಕೆ ನೂರು ರೋಗಿಗಳನ್ನು ನೋಡುವ ಊರ ಡಾಕ್ಟರಿಗೆ ಪ್ರತಿಯೊಬ್ಬರ ವಿವರವನ್ನು ಯಂತ್ರಕ್ಕೆ ತುಂಬುವ ಬಿಡುವೆಲ್ಲಿ? ರೋಗಿಗೂ ತನ್ನ ಚೀಟಿಯ ವಿಷಯ ಎಲ್ಲಿಗೆ ಹೋಗುತ್ತದೆಂದು ತಿಳಿಹೇಳುವವರು ಬೇಕು.

ಇದು ಯಾರದೋ ಊರಿನ ಕಥೆಯೆಂದು ಕರ್ನಾಟಕದ ಕರಾವಳಿಯವರು ಸುಮ್ಮನಿರುವಂತಿಲ್ಲ. ಕರ್ನಾಟಕ ಗೇರು ಅಭಿವೃದ್ಧಿ ನಿಗಮದ ತೋಪುಗಳಿಗೂ ಅದೇ ಎಂಡೋಸಲ್ಫಾನ್ ಬಿದ್ದಿದೆ. ಬೆಳ್ತಂಗಡಿ ತಾಲೂಕಿನ ಕೊಕ್ಕಡ, ಪಟ್ರಮೆ, ನಿಡ್ಲೆಗಳ ಸಂಕಟ ಬೆಳಕಿಗೆ ಬಂದ ಮೇಲೆ, 2011ರ ಫೆಬ್ರವರಿಯಲ್ಲಿ ರಾಜ್ಯ ಸರಕಾರ ಅದನ್ನು ನಿಷೇಧಿಸಿತು. ದಕ್ಷಿಣ ಕನ್ನಡದ ಜೊತೆಗೆ ಉಡುಪಿ, ಉತ್ತರ ಕನ್ನಡ ಜಿಲ್ಲೆಗಳಲ್ಲಿಯೂ ಪೀಡಿತರನ್ನು ಗುರುತಿಸಿ ಮಾಸಾಶನ ಕೊಡಲಾಗುತ್ತಿದೆ; ಅವರಲ್ಲಿ ಕುಂದಾಪುರ, ಬೈಂದೂರು ಕಡೆಯವರೂ ಇದ್ದಾರೆ. ಗಡಿಯಾಚೆ ಕೇರಳದಲ್ಲಿ, ಪೀಡಿತರಿಗೆ ತಲಾ 5 ಲಕ್ಷ ರೂಪಾಯಿಯನ್ನು ಮೂರು ತಿಂಗಳೊಳಗೆ ಕೊಡಬೇಕೆಂದು 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆಜ್ಞೆ ಮಾಡಿತ್ತು. ಐದು ವರ್ಷ ಕಳೆದು 2022ರ ಮೇಯಲ್ಲಿ ಕೋರ್ಟು ಮತ್ತೆ ವಿಚಾರಿಸಿದಾಗ 3,704 ಮಂದಿಯಲ್ಲಿ ಹಣ ಸಂದದ್ದು 8 ಮಂದಿಗೆ ಎಂಬುದು ಹೊರಬಿತ್ತು.

ಪಟ್ಟಿಯಲ್ಲಿ ಹೆಸರು ಬರಬೇಕಾದರೆ ರೋಗಿ ವೈದ್ಯರ ತಂಡದ ಮುಂದೆ ನಿಲ್ಲಬೇಕು. ಎಂದಿನಿಂದ ಹೀಗಿದೆ, ಮೊದಲು ಯಾರು ನೋಡಿದರು, ಏನೆಂದರು ಎಂಬ ಪ್ರಶ್ನೆಗಳು ಏಳುತ್ತವೆ. ಆಗ ಮಗುವಿನ ತಾಯಿಗೆ ನೆನಪಾಗುವುದು ಇಪ್ಪತ್ತು ವರ್ಷದ ಹಿಂದೆ ಊರ ಡಾಕ್ಟರು ಬರೆದುಕೊಟ್ಟ ಆ ಚೀಟಿ. ಅದರ ಒಂದು ಪ್ರತಿ ಡಾಕ್ಟರ ಪುಸ್ತಕದಲ್ಲಿ ಉಳಿದಿದ್ದರೆ ಆ ತಾಯಿಗೆ ಅದೇ ಸಾಕ್ಷಿ. ಅಂಥ ಸಾವಿರ ಚೀಟಿಗಳು ಹೆಸರಿಲ್ಲದೆ ಒಂದೆಡೆ ಸೇರಿದ್ದರೆ ಇಡೀ ಕರಾವಳಿಗೆ ಅದೇ ಎಚ್ಚರಿಕೆಯಾಗುತ್ತಿತ್ತು. ಊರು, ವಯಸ್ಸು, ರೋಗ, ತಾರೀಕು – ನಾಲ್ಕು ಕಾಲಂಗಳ ಒಂದು ನೋಟುಪುಸ್ತಕಕ್ಕೆ ದೊಡ್ಡ ಖರ್ಚೇನೂ ಇಲ್ಲ. ಅದನ್ನು ಜೋಪಾನವಾಗಿ ಇಡುವ ಡಾಕ್ಟರೂ, ಇಡಿ ಎಂದು ಕೇಳುವ ರೋಗಿಯೂ, ಕ್ಲಿನಿಕ್ ಮುಚ್ಚಿದ ಮೇಲೆ ಪುಸ್ತಕವನ್ನು ಗುಜರಿಗೆ ಹೋಗಗೊಡದೆ ಪಡೆದುಕೊಳ್ಳುವ ಒಂದು ವೈದ್ಯಕೀಯ ಕಾಲೇಜೂ ಇದ್ದರೆ ಕೆಲಸ ಆರಂಭವಾದಂತೆ. ವಾಣಿನಗರದಲ್ಲಿ ಇದ್ದದ್ದು ಒಬ್ಬ ಡಾಕ್ಟರು ಮಾತ್ರ.